ಅರ್ಧ ತಾಸು ಮುಂದಿನ ಊರು

ನೀವು ನಂಬುವುದಿಲ್ಲ ಅಂತ ಮೊದಲೇ ಗೊತ್ತು. ಬೇಕಾದರೆ ಈಗಲೇ ಪುಟ ಮಗುಚಿರಿ, ನನಗೇನೂ ಬೇಸರವಿಲ್ಲ. ಯಲಬುರ್ಗಾದಲ್ಲಿ ಒಂದು ಹುಂಜ ಇತ್ತು. ಅದು ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮೆರಿಕದ ಒಂದು ಹಳ್ಳಿಯ ಬೆಳಗು ಕೂಗುತ್ತಿತ್ತು. ಅದರ ತಲೆ ಉಳಿಯಬೇಕೋ ಬೇಡವೋ ಅಂತ ನಮ್ಮ ಓಣಿಯ ಗೌಡರ ಕಟ್ಟೆಯ ಮೇಲೆ ಪಂಚಾಯ್ತಿ ಕೂಡಿತು. ಆ ಹುಂಜದ ಪರವಾಗಿ ನಿಂತು ಗೆದ್ದ ವಕೀಲ ನಾನು. ಆಗ ನನಗೆ ಚಡ್ಡಿಯ ಗುಂಡಿ ನೆಟ್ಟಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಕೇಸು ಮಾತ್ರ ಗೆದ್ದೆ.

ಪುಟ ಮಗುಚಲಿಲ್ಲ ಅಲ್ಲವೇ? ಹಾಗಾದರೆ ಕೇಳಿ.

ಆಗಿನ ಯಲಬುರ್ಗಾದಲ್ಲಿ ಹೊತ್ತು ಅನ್ನುವುದು ಕೈಗೆ ಕಟ್ಟಿಕೊಳ್ಳುವ ಸಾಮಾನು ಆಗಿರಲಿಲ್ಲ. ಹುಂಜ ಕೂಗಿದರೆ ಬೆಳಗು, ಕೊಪ್ಪಳದ ಬಸ್ಸು ಧೂಳೆಬ್ಬಿಸಿದರೆ ಸಾಲಿಯ ಹೊತ್ತು, ಮಸೀದಿಯ ಬಾಂಗು ಕೇಳಿದರೆ ರೊಟ್ಟಿಯ ಹೊತ್ತು, ದನ ಮನೆಗೆ ಬಂದರೆ ಸಂಜೆ. ಗೌಡರ ಮನೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಅದು ಗೌಡರ ಹಾಗೆಯೇ, ಮನಸ್ಸು ಬಂದಾಗ ನಡೆಯುತ್ತಿತ್ತು, ಬರದಿದ್ದಾಗ ನಿಂತಲ್ಲೇ ನಿಲ್ಲುತ್ತಿತ್ತು. ಈ ಮಾತನ್ನು ಅವರ ಎದುರಿಗೆ ಹೇಳುವ ಧೈರ್ಯ ಇಡೀ ಓಣಿಯಲ್ಲಿ ಒಬ್ಬನಿಗೇ ಇತ್ತು. ಅವನು ಯಾರು ಅಂತ ನಾನು ಹೇಳುವುದಿಲ್ಲ, ಬಡಾಯಿ ಕೊಚ್ಚಿಕೊಂಡ ಹಾಗಾಗುತ್ತದೆ.

ನಮ್ಮ ಓಣಿಯ ತುದಿಗೆ ಒಂದು ಹಳೆಯ ಕಡಲೆ ಗೋದಾಮು ಇತ್ತು. ಒಂದು ಮಳೆಗಾಲದಲ್ಲಿ ಅದರ ಮುಂದೆ ಜೀಪು ಬಂದು ನಿಂತಿತು. ಜೀಪಿನಿಂದ ತೂತು ಹೊಡೆದ ರಟ್ಟಿನ ಡಬ್ಬಿಗಳು ಇಳಿದವು, ಡಬ್ಬಿಗಳ ಒಳಗೆ ಚೀಂವ್ ಚೀಂವ್ ಅನ್ನುವ ಮರಿಗಳು. ಅವುಗಳ ಹಿಂದೆ ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರದ ಒಬ್ಬ ಬಿಳಿಯ ಹುಡುಗ ಇಳಿದ. ಜನರಿಗೆ ಬಿಳಿ ಕೋಳಿ ಸಾಕುವುದನ್ನು ಕಲಿಸಲು ಬಂದವನು. ಹೆಸರು ರಾಯ್ ಅಂದ. ನಮ್ಮ ಅಜ್ಜಿ ಅವತ್ತೇ ಅದನ್ನು ರಾಯಪ್ಪ ಅಂತ ತಿದ್ದಿದಳು. ಉಳಿದವರಿಗೆ ಅವನು ಕೋಳಿ ಸಾಹೇಬ.

ಕೋಳಿ ಸಾಹೇಬನಿಗೆ ಕನ್ನಡ ಬರುತ್ತಿತ್ತು. ಆದರೆ ಅದು ಮೈಸೂರಿನ ಕಡೆ ಯಾರೋ ಮೇಷ್ಟ್ರು ಪುಸ್ತಕ ಹಿಡಿದು ಕಲಿಸಿದ ಕನ್ನಡ.

"ಅಜ್ಜಿಯವರೆ, ತಮ್ಮ ರೊಟ್ಟಿಯು ಬಹಳ ರುಚಿಯಾಗಿರುತ್ತದೆ," ಅನ್ನುತ್ತಿದ್ದ.

"ಪಾಪ, ಪಾಠ ಓದಿದಂಗ ಮಾತಾಡ್ತೈತಿ ಕೂಸು," ಅಂತ ಅಜ್ಜಿ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ನಮ್ಮ ಮನೆಯಲ್ಲಿ ಕೋಳಿ, ಮೊಟ್ಟೆ ಯಾವುದೂ ನಡೆಯುತ್ತಿರಲಿಲ್ಲ. ಸಾಹೇಬ ಬಂದರೆ ಅಂಗಳದಲ್ಲೇ ಕೈಕಾಲು ತೊಳೆದುಕೊಂಡು ಪಡಸಾಲೆಗೆ ಬರಬೇಕು. ನಾನು ಗೋದಾಮಿಗೆ ಹೋಗಿ ಬಂದರೆ ನನಗೂ ಅದೇ ಕಾಯ್ದೆ. ಚಳಿಗಾಲದ ತಣ್ಣೀರಿನಲ್ಲಿ ನಾನು ತೊಳೆದುಕೊಂಡಷ್ಟು ಕಾಲು ಆ ಓಣಿಯಲ್ಲಿ ಇನ್ಯಾರೂ ತೊಳೆದಿಲ್ಲ. ಆದರೂ ಸಾಲಿ ಬಿಟ್ಟ ಕೂಡಲೇ ನನ್ನ ಕಾಲು ಅತ್ತಲೇ ಓಡುತ್ತಿದ್ದವು.

ಸಾಹೇಬನ ಎರಡೂ ಕೈಯಲ್ಲಿ ಎರಡು ಗಡಿಯಾರ. ಮೊದಲು ನಾವು ಸಿರಿವಂತಿಕೆ ಅಂದುಕೊಂಡೆವು. ನನ್ನ ಗೆಳೆಯ ಈರ್ಯಾ ಕೇಳಿಯೇಬಿಟ್ಟ, "ಎರಡ್ಯಾಕ್ರಿ ಸಾಹೇಬ್ರ? ಒಂದು ಕೆಟ್ಟರ ಇರ್ಲಿ ಅಂತೇನು?"

"ಎಡಗೈಯಲ್ಲಿರುವುದು ನಿಮ್ಮ ಊರಿನ ಸಮಯ. ಬಲಗೈಯಲ್ಲಿರುವುದು ನನ್ನ ತಾಯಿಯ ಊರಿನ ಸಮಯ," ಅಂದ ಸಾಹೇಬ.

ನಾವಿಬ್ಬರೂ ಬಗ್ಗಿ ನೋಡಿದೆವು. ಎಡಗೈಯಲ್ಲಿ ಐದು. ಬಲಗೈಯಲ್ಲಿ ಐದೂವರೆ.

ಅಷ್ಟೇ. ಅರ್ಧ ತಾಸು.

ಇಲ್ಲಿಂದ ಅರ್ಧ ತಾಸಿನ ದಾರಿ ಅಂದರೆ ಬಸ್ಸಿಗೆ ಕುಕನೂರು. ಹಾಗಾಗಿ ನಾನೂ ಈರ್ಯಾನೂ ಕುಳಿತು ತೀರ್ಮಾನ ಮಾಡಿದೆವು: ಕೋಳಿ ಸಾಹೇಬನ ಊರು ಕುಕನೂರಿನ ಆಸುಪಾಸಿನಲ್ಲಿ ಎಲ್ಲೋ ಇದೆ. ಈ ಸುದ್ದಿ ಸಂಜೆಯೊಳಗೆ ಓಣಿಯ ಎಲ್ಲ ಮನೆಗಳ ಹಂಚಿನ ಮೇಲಿನ ರೊಟ್ಟಿಯ ಜೊತೆ ಬೆಂದು ಹೊರಬಂತು. ಮರುದಿನ ಅಜ್ಜಿ ಸಾಹೇಬನನ್ನು ಹಿಡಿದು ಕೂರಿಸಿದಳು.

"ಏ ರಾಯಪ್ಪಾ, ಅರ್ಧ ತಾಸಿನ ದಾರಿ ಅಂತ. ವಾರಕ್ಕೊಮ್ಮಿ ಹೋಗಿ ಅವ್ವನ ಮಾರಿ ನೋಡಿ ಬರಬಾರದೇನಪಾ? ಹೆತ್ತಾಕಿಗೆ ಎಷ್ಟು ಸಂಕಟ ಇರಬಾರದು."

ಸಾಹೇಬ ನಗಲಿಲ್ಲ. ಅಜ್ಜಿಯ ಹಿತ್ತಾಳೆ ತಂಬಿಗೆಯನ್ನು ಕೇಳಿ ಇಸಿದುಕೊಂಡ, ಚಿಮಣಿ ದೀಪ ಹಚ್ಚಿಸಿದ. ತಂಬಿಗೆಯ ಒಂದು ಕಡೆ ಜೋಳದ ಹಿಟ್ಟಿನ ಬೊಟ್ಟು ಇಟ್ಟು "ಇದು ಯಲಬುರ್ಗಾ" ಅಂದ. ಸರಿಯಾಗಿ ಅದರ ಬೆನ್ನಿಗೆ ಇನ್ನೊಂದು ಬೊಟ್ಟು ಇಟ್ಟ, "ಇದು ನನ್ನ ಊರು." ಆಮೇಲೆ ದೀಪದ ಮುಂದೆ ತಂಬಿಗೆಯನ್ನು ಮೆಲ್ಲಗೆ ತಿರುಗಿಸಿದ. ಯಲಬುರ್ಗಾ ಬೆಳಕಿಗೆ ಬಂದಾಗ ಅವನ ಊರು ಕತ್ತಲಿಗೆ ಹೋಯಿತು. ಅವನ ಊರು ಬೆಳಗಾದಾಗ ನಾವು ಕತ್ತಲಲ್ಲಿ. ಗಡಿಯಾರದ ಮುಳ್ಳು ಮಾತ್ರ ಅರ್ಧ ತಾಸು ಆಚೀಚೆ. ನಡುವೆ ಇಡೀ ಒಂದು ರಾತ್ರಿ.

ನಾನು ಬಾಯಿ ತೆರೆದು ಕುಳಿತಿದ್ದೆ. ಅಜ್ಜಿ ತಂಬಿಗೆಯನ್ನೇ ನೋಡುತ್ತಿದ್ದಳು.

"ಹಂಗಾರ, ನಾ ಮುಂಜಾನೆ ಅಂಗಳಕ್ಕ ನೀರಿನ ಥಳಿ ಹೊಡಿಯೂ ಹೊತ್ತಿಗೆ ನಿಮ್ಮವ್ವ ದೀಪ ಹಚ್ಚತಾಳ. ನಾ ಇಲ್ಲಿ ದೀಪ ಹಚ್ಚಿದರ ಆಕಿ ಅಲ್ಲಿ ಏಳ್ತಾಳ," ಅಂದಳು.

"ಹೌದು ಅಜ್ಜಿಯವರೆ. ಎದ್ದು ಹಸುಗಳ ಹಾಲು ಕರೆಯುತ್ತಾಳೆ."

"ಅಲ್ಲೂ ಎದ್ದ ಕೂಡ್ಲೇ ದನದ ಕೆಲಸನಾ? ಎಲ್ಲಿ ಹುಟ್ಟಿದರೂ ಹೆಣ್ಣಿಗೆ ಅಷ್ಟ ಬಿಡು," ಅಂತ ಅಜ್ಜಿ ತಂಬಿಗೆಯ ಮೇಲಿನ ಹಿಟ್ಟು ಒರೆಸಿದಳು. ಅವತ್ತಿನಿಂದ ದಿನಾ ಸಂಜೆ ದೀಪಕ್ಕೆ ಕೈಮುಗಿದ ಮೇಲೆ, "ರಾಯಪ್ಪನ ಅವ್ವ ಎದ್ದಿರ್ತಾಳ ಈಗ," ಅನ್ನುವುದು ಅವಳಿಗೆ ರೂಢಿಯಾಯಿತು. ಆಮೇಲೆ ಯಾರಿಗೂ ಕಾಣದ ಆ ಹೆಣ್ಣುಮಗಳು ನಮ್ಮ ಓಣಿಯಲ್ಲೇ ಎಲ್ಲೋ ಇದ್ದಾಳೆ ಅನ್ನುವ ಹಾಗಾಯಿತು.

ಅವನ ಊರೂ ನಮ್ಮ ಊರಿನ ಹಾಗೆಯೇ ಬಯಲಂತೆ. ಗುಡ್ಡವಿಲ್ಲ, ಹೊಳೆಯಿಲ್ಲ, ಕಣ್ಣು ಹಾಯುವಷ್ಟು ದೂರಕ್ಕೂ ಗೋವಿನಜೋಳ. ನಮ್ಮದು ಬಿಳಿಜೋಳ. ಅಷ್ಟೇ ವ್ಯತ್ಯಾಸ.

ಈಗ ಹುಂಜಕ್ಕೆ ಬರುತ್ತೇನೆ. ಸಾಹೇಬನ ಕೋಳಿಗಳಲ್ಲಿ ಹುಂಜ ಒಂದೇ. ಬೆಳ್ಳಗೆ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ. ತಲೆಯ ಮೇಲಿನ ಜುಟ್ಟು ಆಗಷ್ಟೇ ಬಣ್ಣ ಬಳಿದ ಕಿನ್ನಾಳದ ಗೊಂಬೆಯ ಕೆಂಪು. ಎದೆ ಮುಂದೆ ಮಾಡಿ, ಒಂದು ಕಾಲು ಎತ್ತಿ ಯೋಚನೆ ಮಾಡಿ ಆಮೇಲೆ ಇಡುವ ಅದರ ನಡಿಗೆ ಥೇಟ್ ನಮ್ಮ ಗೌಡರದು. ನಾನು ಅದಕ್ಕೆ ಸಣ್ಣ ಗೌಡ ಅಂತ ಹೆಸರಿಟ್ಟೆ. ಈ ಹೆಸರು ನನಗೆ, ಈರ್ಯಾನಿಗೆ ಮತ್ತು ಹುಂಜಕ್ಕೆ ಮಾತ್ರ ಗೊತ್ತಿತ್ತು. ನನ್ನ ಕೈಯಿಂದ ಜೋಳದ ಕಾಳು ತಿನ್ನುತ್ತಿತ್ತು. ಹೆಗಲ ಮೇಲೆ ಕೂರಿಸಿಕೊಂಡರೆ ನನ್ನ ಕಿವಿಯನ್ನು ಮೆಲ್ಲಗೆ ಕುಟುಕುತ್ತಿತ್ತು, ಗುಟ್ಟು ಹೇಳುವವರ ಹಾಗೆ. ಸಾಲಿಯಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನ ನಾನು ಮೊದಲು ಹೋಗಿ ಹೇಳಿಕೊಳ್ಳುತ್ತಿದ್ದುದು ಅದರ ಮುಂದೆ.

ಸೀತನಿಯ ಹಂಗಾಮು ಬಂತು. ಹೊಲದಲ್ಲಿ ಬಿಳಿಜೋಳ ಹಾಲು ತುಂಬಿ ನಿಂತಿತ್ತು. ಮುಂಜಾನೆ ಮಂಜು, ಮಧ್ಯಾಹ್ನ ಒಣ ಬಿಸಿಲು, ಸಂಜೆಗೆ ಹೊಲಗಳ ಕಡೆಯಿಂದ ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಡುವ ವಾಸನೆ. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಆ ಹಸಿರು ಕಾಳಿಗೆ ಬೆಲ್ಲವೋ ಗುರೆಳ್ಳು ಹಿಂಡಿಯೋ ಸೇರಿಸಿ ಬಾಯಿಗೆ ಒಗೆದುಕೊಂಡರೆ ಮಾತು ನಿಂತುಹೋಗುತ್ತಿತ್ತು. ನನ್ನ ಮಾತೂ ನಿಲ್ಲುತ್ತಿತ್ತು ಅಂದರೆ ಅದರ ರುಚಿ ಎಂಥದ್ದು ಅಂತ ನೀವೇ ತಿಳಿದುಕೊಳ್ಳಿ. ಸಾಹೇಬ ಬೆರಳು ಸುಟ್ಟುಕೊಂಡು, ಮೂಗಿನ ತನಕ ಮಸಿ ಮಾಡಿಕೊಂಡು ತಿನ್ನುತ್ತಿದ್ದ.

ಆ ಚಳಿಗಾಲದಲ್ಲೇ ಸಣ್ಣ ಗೌಡ ಸಂಜೆಗೆ ಕೂಗಲು ಶುರು ಮಾಡಿತು.

ಹೊತ್ತಲ್ಲದ ಹೊತ್ತಿನಲ್ಲಿ ಹುಂಜ ಕೂಗಿದರೆ ನಮ್ಮ ಕಡೆ ಛಲೋ ಅಲ್ಲ. ಮನೆಗೆ ಕೇಡು, ಓಣಿಗೆ ಕೇಡು. ಅಂಥ ಹುಂಜವನ್ನು ಊರದೇವತೆ ದುರುಗವ್ವನಿಗೆ ಕೊಟ್ಟು ಮುಗಿಸುವುದು ರೂಢಿ. ಮೊದಲ ದಿನ ಜನ ಕಿವಿ ನಿಮಿರಿಸಿದರು. ಎರಡನೆಯ ದಿನ ಅಗಸಿ ಕಟ್ಟೆಯಲ್ಲಿ ಅದೇ ಮಾತು. ಅಷ್ಟರಲ್ಲಿ ಗೌಡರ ಗಬ್ಬದ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು. ಅದೇ ಹೊತ್ತಿಗೆ ಗೌಡರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿತ್ತು. ಎಮ್ಮೆಗೆ ಆದದ್ದನ್ನು ಕಂಡು ಗೌಡರ ಹೆಂಡತಿ ಗೌಡಶಾನಿಯ ಎದೆ ಒಡೆದಿತ್ತು. ದಿನಾ ಸಂಜೆ ಮಗಳು ಪಡಸಾಲೆಯಲ್ಲಿ ಹೊಟ್ಟೆ ಹಿಡಿದು ಕುಳಿತಿರುವಾಗ ಗೋದಾಮಿನಿಂದ ಆ ಕೂಗು. ಗೌಡಶಾನಿ ಹಟ ಹಿಡಿದಳು: ಹುಂಜ ಹೋಗಬೇಕು.

ಅದು ಯಾಕೆ ಕೂಗುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ಚಳಿಗಾಲದಲ್ಲಿ ಹಗಲು ಸಣ್ಣದಾದರೆ ಕೋಳಿ ಮೊಟ್ಟೆ ಕಡಿಮೆ ಇಡುತ್ತವಂತೆ. ಅದಕ್ಕೆ ಸಾಹೇಬ ಹಗಲನ್ನು ಉದ್ದ ಮಾಡುತ್ತಿದ್ದ. ಇಳಿಹೊತ್ತಿಗೆ ಥಂಡಿ ಗಾಳಿ ತಡೆಯಲು ಗೋದಾಮಿನ ಕಿಟಕಿಗಳಿಗೆ ಗೋಣಿತಟ್ಟು ಇಳಿಬಿಡುತ್ತಿದ್ದ; ಒಳಗೆ ಕಗ್ಗತ್ತಲು. ಸ್ವಲ್ಪ ಹೊತ್ತಿಗೆ ಗ್ಯಾಸಬತ್ತಿಗೆ ಗಾಳಿ ಹೊಡೆದು ಹಚ್ಚಿ ತೂಗುಹಾಕುತ್ತಿದ್ದ. ಸುಂಯ್ ಅಂತ ಬೆಳ್ಳನೆ ಬೆಳಕು. ನಿದ್ದೆಗೆ ಜಾರಿದ್ದ ಸಣ್ಣ ಗೌಡ ಬೆಚ್ಚಿ ಕಣ್ಣು ಬಿಟ್ಟು, ಬೆಳಗಾಯಿತು ಅಂತ ಕೂಗುತ್ತಿತ್ತು. ಇಷ್ಟೇ ಸಂಗತಿ. ಆದರೆ ಇದನ್ನು ಗೌಡಶಾನಿಗೆ ಹೇಳಿ ನೋಡಿ. "ಬತ್ತಿ ನಮ್ಮನ್ಯಾಗೂ ಹಚ್ಚತೀವಿ, ನಮ್ಮ ಕೋಳಿ ಕೂಗ್ತಾವೇನು?" ಅನ್ನುತ್ತಿದ್ದಳು. ನಿಜ ಹೇಳಿದರೆ ನಂಬದ ಜನಕ್ಕೆ ಏನು ಹೇಳಬೇಕು ಅನ್ನುವುದರಲ್ಲಿ ನಾನು ಆಗಲೇ ಪಳಗಿದವನು.

ಗೌಡರು ಸಾಹೇಬನಿಗೆ ಹೇಳಿ ಕಳಿಸಿದರು: ಹುಂಜ ತಗೊಂಡು ಕಟ್ಟೆಗೆ ಬರ್ರಿ. ಸಾಹೇಬನ ಮುಖ ಸಣ್ಣಗಾಗಿತ್ತು. ಬೇರೆ ಊರಿನಲ್ಲಿ ಬದುಕುವವನು ಊರ ಮಾತನ್ನು ಹೇಗೆ ಮೀರಿಯಾನು. ಹುಂಜವನ್ನು ನಾನೇ ಬುಟ್ಟಿಯಲ್ಲಿ ಕೂರಿಸಿ ಮೇಲೆ ದಪ್ಪ ಗೋಣಿತಟ್ಟು ಮುಚ್ಚಿದೆ. ಒಳಗಿನಿಂದ ಅದರ ಎದೆಬಡಿತ ನನ್ನ ಕೈಗೆ ತಾಗುತ್ತಿತ್ತು. ಅಥವಾ ಅದು ನನ್ನದೇ ಇರಬೇಕು.

ಕಟ್ಟೆಯ ತುಂಬ ಜನ. ಸೂರ್ಯ ಇನ್ನೇನು ಇಳಿಯುವವನು. ಗೌಡಶಾನಿ ಬಾಗಿಲ ಮರೆಯಲ್ಲಿ, ಅವಳ ಹಿಂದೆ ಮಗಳು. ನಮ್ಮ ಅಜ್ಜಿಯೂ ಸೆರಗು ಹೊದ್ದು ಬಂದು ಕುಳಿತಿದ್ದಳು.

ಗೌಡರು ಮೀಸೆಯ ಮೇಲೆ ಕೈಯಾಡಿಸಿ, "ಸಾಹೇಬ್ರ, ಇದು ಹೊತ್ತಲ್ಲದ ಹೊತ್ತಿನ್ಯಾಗ ಕೂಗೂದು ಖರೆ ಏನು?" ಅಂದರು.

ಸಾಹೇಬ ಬಾಯಿ ತೆರೆಯುವ ಮುಂಚೆ ನಾನು ನುಗ್ಗಿದೆ. "ಇಲ್ರಿ ಗೌಡ್ರ. ಅದು ಹೊತ್ತಿಗೆ ಸರ್ಯಾಗೇ ಕೂಗ್ತೈತಿ. ಹೊತ್ತು ಮಾತ್ರ ನಮ್ಮದಲ್ರಿ."

"ಏನಂದೀಲೇ ಮಂಗ್ಯಾ?"

"ಅದು ಸಾಹೇಬ್ರ ಊರಿನ ಹುಂಜರಿ. ಅವರ ಊರಾಗ ಈಗ ಬೆಳಗಾಗಾಕತ್ತೈತಿ. ಅದಕ್ಕ ಇನ್ನೂ ತಮ್ಮೂರಿನ ರೂಢಿ ಬಿಟ್ಟಿಲ್ರಿ. ಬೇಕಾದ್ರ ನಮ್ಮ ಅಜ್ಜಿನ್ನ ಕೇಳ್ರಿ."

ಜನ ನಕ್ಕರು. ಅಜ್ಜಿ ನಗಲಿಲ್ಲ. "ನಾವು ದೀಪ ಹಚ್ಚೂ ಹೊತ್ತಿಗೆ ಅಲ್ಲಿ ಏಳೂದು ಖರೆ ಐತ್ರಿ ಗೌಡ್ರ. ನಾ ತಂಬಿಗಿ ತಿರುಗಿಸಿ ನೋಡೀನಿ," ಅಂದಳು. ತಂಬಿಗೆಯ ಮಾತು ಯಾರಿಗೂ ತಿಳಿಯಲಿಲ್ಲ. ಆದರೆ ಅಜ್ಜಿ ಸುಳ್ಳು ಹೇಳುವವಳಲ್ಲ ಅನ್ನುವುದು ಎಲ್ಲರಿಗೂ ತಿಳಿದಿತ್ತು. ಆ ಗುಣ ನನಗೆ ಬರಲಿಲ್ಲ, ಏನು ಮಾಡುವುದು.

ಗೌಡರು ನನ್ನನ್ನು ದಿಟ್ಟಿಸಿದರು. "ಆತಪಾ. ಹಂಗಾರ ಯಾವಾಗ ಕೂಗ್ತೈತಿ ಹೇಳು. ಹೇಳಿದ ಹೊತ್ತಿಗೆ ಕೂಗಿದರ ನಿನ್ನ ಮಾತು ಖರೆ. ಇಲ್ಲಂದ್ರ ದುರುಗವ್ವಗ."

"ಸಾಹೇಬ್ರ ಬಲಗೈ ಗಡಿಯಾರದಾಗ ಆರೂವರಿ ಆದ ಕೂಡ್ಲೇ ಕೂಗ್ತೈತ್ರಿ. ಅಲ್ಲೀತನಕ ತಟ್ಟು ತೆಗೀಬ್ಯಾಡ್ರಿ."

ಆರೂವರೆ ಅಂದರೆ ನಮ್ಮ ಆರು. ಗೌಡರ ಕಟ್ಟೆಯಲ್ಲಿ ದಿನಾ ಆ ಹೊತ್ತಿಗೆ ಆಳುಮಗ ಗ್ಯಾಸಬತ್ತಿ ಹಚ್ಚಿ ತೊಲೆಗೆ ತೂಗುಹಾಕುತ್ತಿದ್ದ. ಆ ಬತ್ತಿಯ ಕೆಳಗೆ ಗೋಟಿ ಆಡಿ ಬೆಳೆದವನು ನಾನು. ಅದು ಹತ್ತಿಕೊಳ್ಳುವ ಹೊತ್ತು ನನಗೆ ಗೌಡರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಾಹೇಬ ಬಲಗೈ ಮುಂದೆ ಚಾಚಿ ನಿಂತ. ಗೌಡರು ಅದರ ಮೇಲೆ ಬಗ್ಗಿದರು. ಅತ್ತ ಆಳುಮಗ ಬತ್ತಿಗೆ ಗಾಳಿ ಹೊಡೆಯುತ್ತಿದ್ದ, ಪಚಕ್ ಪಚಕ್. ಹತ್ತಿಕೊಳ್ಳಲಿಲ್ಲ. ಎಣ್ಣೆ ಹೊಗೆ ಎದ್ದಿತು. ಬುಟ್ಟಿ ಹಿಡಿದಿದ್ದ ಈರ್ಯಾ ಪಿಸುಗುಟ್ಟಿದ, ಆದರೆ ಅವನ ಪಿಸುಮಾತು ಕುಷ್ಟಗಿಗೆ ಕೇಳುವಂಥದ್ದು: "ಲೇ, ಸಣ್ಣ ಗೌಡ ಕೂಗ್ತಾನೋ ಇಲ್ಲೋ?"

"ಸಣ್ಣ ಗೌಡ ಯಾರಲೇ?" ಅಂತ ಗೌಡರು ತಲೆಯೆತ್ತಿದರು.

ಉತ್ತರ ಕೊಡುವ ಕಷ್ಟ ನನಗೆ ಬರಲಿಲ್ಲ. ಬತ್ತಿ ಹತ್ತಿಕೊಂಡಿತು. ಸುಂಯ್ ಅಂತ ಇಡೀ ಕಟ್ಟೆ ಬೆಳ್ಳಗಾಯಿತು. ಗೌಡಶಾನಿ ಬಾಗಿಲಲ್ಲಿ ಬೆಳಕಿಗೆ ಕೈಮುಗಿದಳು. ನಾನು ಸಾಹೇಬನ ಗಡಿಯಾರ ನೋಡಲೂ ಇಲ್ಲ, "ಆತ್ರಿ ಆರೂವರಿ," ಅಂತ ತಟ್ಟು ಎಳೆದೆ.

ಸಣ್ಣ ಗೌಡ ಬುಟ್ಟಿಯಲ್ಲಿ ಗುಬ್ಬಿಯ ಹಾಗೆ ಮುದುಡಿ ಕುಳಿತಿತ್ತು. ಕಣ್ಣು ಪಿಳಿಪಿಳಿ ಮಾಡಿತು. ಅಷ್ಟೂ ಜನರನ್ನು ಒಮ್ಮೆ ನೋಡಿತು. ಸುಮ್ಮನಿತ್ತು.

ಯಾರೋ ಕೆಮ್ಮಿದರು. ಗೌಡರು ಮೀಸೆಯಿಂದ ಕೈ ತೆಗೆದರು. ನನ್ನ ಬಾಳಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ದೇವರನ್ನು ನೆನೆದದ್ದು ಅದೇ ಮೊದಲು.

ಆಮೇಲೆ ಅದು ಒಂದು ಕಾಲು ಎತ್ತಿ ಯೋಚನೆ ಮಾಡಿತು, ಬುಟ್ಟಿಯ ಅಂಚಿನ ಮೇಲೆ ಹತ್ತಿತು, ರೆಕ್ಕೆ ಬಡಿಯಿತು, ಕತ್ತನ್ನು ಗ್ಯಾಸಬತ್ತಿಯ ಕಡೆ ಚಾಚಿ ಕೂಗಿತು. ಎಂಥ ಕೂಗು ಅಂತೀರಿ. ಕೊಪ್ಪಳದ ಕೋಟೆಗೂ ಮುಟ್ಟಿರಬೇಕು.

ಗೌಡರು ಮೆಲ್ಲಗೆ ಸಾಹೇಬನ ಕಡೆ ತಿರುಗಿದರು. "ನೀವು ಓದಿದವರು. ಈ ಮಂಗ್ಯಾ ಹೇಳೂದು ಖರೇನ್ರಿ?"

ಸಾಹೇಬ ಹುಂಜವನ್ನು ನೋಡಿದ, ಉರಿಯುವ ಬತ್ತಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲವೂ ತಿಳಿದಿತ್ತು. ಕೋಳಿಯ ವಿದ್ಯೆ ಕಲಿತವನು ಅವನು. ನನ್ನ ಕೆನ್ನೆ ಬಿಸಿಯಾಯಿತು. ಅವನು ತನ್ನ ಬಲಗೈ ಎತ್ತಿ ಹೇಳಿದ, "ಗೌಡರೆ, ನನ್ನ ತಾಯಿಯು ಈಗ ಎದ್ದಿದ್ದಾಳೆ. ಅದು ಸತ್ಯ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವತ್ತು ನನಗೆ ಗೊತ್ತಾಯಿತು, ಇವನು ನನಗಿಂತ ದೊಡ್ಡ ಕಿಲಾಡಿ ಅಂತ.

ಆದರೆ ಗೌಡಶಾನಿ ಬಗ್ಗಲಿಲ್ಲ. "ಅವರೂರಾಗ ಬೆಳಗ ಇರ್ಲಿ, ಏನರ ಇರ್ಲಿ. ನಮ್ಮೂರಾಗ ದೀಪದ ಹೊತ್ತಿಗೆ ಕೂಗ್ತೈತೋ ಇಲ್ಲೋ? ನನ್ನ ಮಗಳು ಒಳಗ ಕುಂತಾಳ," ಅಂದಳು.

ಆಗ ಅಜ್ಜಿ ಎದ್ದಳು. ಗೌಡಶಾನಿಯ ಹತ್ತಿರ ಹೋಗಿ ನಿಂತು, ಮೆಲ್ಲಗೆ ಕೇಳಿದಳು, "ಯವ್ವಾ, ನೀ ಹನುಮಸಾಗರದಿಂದ ಲಗ್ನ ಆಗಿ ಬಂದಾಗ ನಮ್ಮನಿಗೆ ಬೆಂಕಿ ಕೇಳಾಕ ಬರ್ತಿದ್ದಿ. ನೆನಪೈತಿ?"

"ಐತಿ. ಯಾಕ?"

"ಆಕಾಶದಾಗ ಚಿಕ್ಕಿ ಇನ್ನೂ ಇರ್ತಿದ್ವು. ನಿಮ್ಮತ್ತಿ ಎದ್ದಿರ್ತಿರ್ಲಿಲ್ಲ, ಓಣಿ ಎದ್ದಿರ್ತಿರ್ಲಿಲ್ಲ. ನೀ ಮಾತ್ರ ಎದ್ದು ಒಲಿ ಹಚ್ಚಾಕ ನಿಂದರ್ತಿದ್ದಿ. ಯಾಕವ್ವಾ ಇಷ್ಟು ಲಗೂ ಅಂದ್ರ, ನಮ್ಮ ತವರಾಗ ಈ ಹೊತ್ತಿಗೇ ಏಳ್ತಾರ ಅಂತಿದ್ದಿ. ನಿನಗ ನಮ್ಮೂರ ಹೊತ್ತು ಹತ್ತಾಕ ಎಷ್ಟು ದಿನ ಬೇಕಾತು?"

ಅಜ್ಜಿ ಮುಂದುವರಿಸಿದಳು, "ಹನುಮಸಾಗರ ಎಷ್ಟು ದೂರವ್ವಾ? ಆ ಹುಂಜದ ತವರು ಎಷ್ಟು ದೂರ? ಎಳ್ಳಮಾಸಿ ಹಬ್ಬದತನಕ ಬಿಡು. ಕಲೀತೈತಿ. ಕಲೀದಿದ್ರ ನಾನ ಹಿಡ್ಕೊಂಡು ಬಂದು ಕೊಡ್ತೀನಿ."

ಬಾಗಿಲ ಹಿಂದೆ ಮಗಳು ಕಿಸಕ್ಕನೆ ನಕ್ಕಳು. ಅವಳೂ ಗಂಡನ ಮನೆಯಿಂದ ಬಂದವಳೇ ಅಲ್ಲವೇ. ಮಗಳು ನಕ್ಕದ್ದು ಕೇಳಿ ಗೌಡಶಾನಿಯ ಹೆಗಲು ಇಳಿಯಿತು. "ಎಳ್ಳಮಾಸಿತನಕ ಮತ್ತ," ಅಂದಳು. ಗೌಡರು ತಾವೇ ತೀರ್ಪು ಕೊಟ್ಟವರ ಹಾಗೆ ಎದೆ ಮುಂದೆ ಮಾಡಿ ಎದ್ದರು, ಒಂದು ಕಾಲು ಎತ್ತಿ ಯೋಚನೆ ಮಾಡಿ ಮೆಟ್ಟಿಲು ಇಳಿದರು. ನಾನೂ ಈರ್ಯಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಹುಂಜದ ಬದಲು ನಾವೇ ದುರುಗವ್ವನ ಪಾಲಾಗುತ್ತಿದ್ದೆವು.

ದಾರಿಯಲ್ಲಿ ನಾನು ಸಾಹೇಬನಿಗೆ ಹೇಳಿದೆ, "ಬತ್ತಿ ಸಂಜಿಗೆ ಹಚ್ಚಬ್ಯಾಡ್ರಿ. ಬೆಳಗಾಗೂಕಿಂತ ಮೊದ್ಲು ಹಚ್ರಿ. ಹಗಲು ಆ ಕಡಿಂದ ಉದ್ದ ಆಗ್ತೈತಿ."

ಅವನು ನಡೆಯುವುದನ್ನು ನಿಲ್ಲಿಸಿದ. "ಬಸವಣ್ಣನವರೆ, ನಿಮಗೆ ಮೊದಲಿನಿಂದಲೂ ತಿಳಿದಿತ್ತೆ?"

"ನಿಮಗೂ ತಿಳಿದಿತ್ತಲ್ರಿ."

ಅವನು ಜೋರಾಗಿ ನಕ್ಕ. ನನ್ನನ್ನು ಬಹುವಚನದಲ್ಲಿ ಕರೆದವರಲ್ಲಿ ಅವನೇ ಮೊದಲಿಗ. ಮನೆಯಲ್ಲಿ ನಾನು ಬಸ್ಯಾ.

ಮರುದಿನದಿಂದ ಸಾಹೇಬ ಮುಂಜಾನೆ ಬತ್ತಿ ಹಚ್ಚಿದ. ಸಣ್ಣ ಗೌಡ ಊರಿನ ಉಳಿದ ಹುಂಜಗಳಿಗಿಂತ ತುಸು ಮುಂಚೆ, ಬೆಳಗಿನಲ್ಲೇ ಕೂಗಿತು. ಸಂಜೆ ಗೋದಾಮು ಸುಮ್ಮನಾಯಿತು. "ಕಲೀತು ನೋಡ್ರಿ, ಶಾಣ್ಯಾ ಹುಂಜ," ಅಂದರು ಜನ. ಎಳ್ಳಮಾಸಿಯ ಮುಂಚೆಯೇ ಗೌಡರ ಮಗಳು ಗುಂಡು ಕಲ್ಲಿನಂಥ ಗಂಡು ಹೆತ್ತಳು. ಗೌಡಶಾನಿ ತಾನೇ ಮೊರದಲ್ಲಿ ಜೋಳ ತಂದು ಗೋದಾಮಿನ ಮುಂದೆ ಚೆಲ್ಲಿದಳು.

ಎಳ್ಳಮಾಸಿಯ ದಿನ ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಸಾಹೇಬನೂ ನಮ್ಮ ಬಂಡಿಯಲ್ಲಿ. ಹೊಲದ ತುಂಬ ಹುಲ್ಲುಲ್ಲಿಗೋ ಅಂತ ಕೂಗುತ್ತಾ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದೆವು. ಅವನೂ ಕೂಗಿದ, ತನ್ನ ಪುಸ್ತಕದ ಕನ್ನಡದಷ್ಟೇ ಶುದ್ಧವಾಗಿ. ಸಜ್ಜೆಯ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಎಳ್ಳು ಹಚ್ಚಿದ ರೊಟ್ಟಿ, ಗಡಿಗೆಯ ಮೊಸರು. ಬನ್ನಿಮರದ ಬುಡದಲ್ಲಿ ಉಂಡು ಕಾಲು ಚಾಚಿದರೆ ಏಳುವ ಮಾತೇ ಇಲ್ಲ.

ತಿರುಗಿ ಬರುವಾಗ ಸಂಜೆ. ಎತ್ತಿನ ಕೊರಳ ಗಂಟೆ ಬಿಟ್ಟರೆ ಸದ್ದಿಲ್ಲ. ಸಾಹೇಬ ಬಲಗೈ ತಿರುಗಿಸಿ ನೋಡಿದ. ಊರಿನ ಕಡೆಗೆ ಕಿವಿ ಕೊಟ್ಟ. ಏನೂ ಕೇಳಲಿಲ್ಲ.

"ಅಜ್ಜಿಯವರೆ," ಅಂದ, "ಹುಂಜಕ್ಕೆ ನನ್ನ ಊರು ಮರೆತುಹೋಯಿತು."

ಅದು ತಮಾಷೆಗೆ ಅಂದದ್ದು. ಆದರೆ ಅವನ ಮುಖ ತಮಾಷೆಯದಾಗಿರಲಿಲ್ಲ. ಆಗ ನನಗೆ ಹೊಳೆಯಿತು: ದಿನಾ ಸಂಜೆ ಆ ಕೂಗು ಕೇಳಿದಾಗ ಅವನು ಒಂದು ಗಳಿಗೆ ಕೈಕೆಲಸ ನಿಲ್ಲಿಸಿ ಗಡಿಯಾರ ನೋಡುತ್ತಿದ್ದ. ನಾನು ಕಟ್ಟಿದ ಸುಳ್ಳನ್ನು ನನಗಿಂತ ಮೊದಲು ಅವನು ತನ್ನೊಳಗೆ ಕಟ್ಟಿಕೊಂಡಿದ್ದ.

ಅಜ್ಜಿ ಬಂಡಿಯ ಕಟಾಂಜನ ಹಿಡಿದು ಕುಳಿತಿದ್ದಳು. "ಹುಂಜ ಮರೀಲಿ ಬಿಡಪಾ. ಅದಕ್ಕೇನು ತಿಳೀತೈತಿ. ನಾ ದೀಪ ಹಚ್ಚೂದು ಮರೀತೀನೇನು?" ಅಂದಳು.

ಮುಂದಿನ ಮಳೆಗಾಲಕ್ಕೆ ಸಾಹೇಬನ ಅವಧಿ ಮುಗಿಯಿತು. ಸಣ್ಣ ಗೌಡನನ್ನು ಗೌಡಶಾನಿಯೇ ತಮ್ಮ ತೋಟದಲ್ಲಿ ಇರಿಸಿಕೊಂಡಳು. ಅಲ್ಲಿ ಅದು ಮುದಿಯಾಗಿ, ಕೂಗುವುದನ್ನು ಮರೆತು, ಬಾವಿಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಂಡು ಸತ್ತಿತು. ಸಾಹೇಬ ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಬಲಗೈಯ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದ. "ಬಸವಣ್ಣನವರೆ, ಇನ್ನು ನನಗೆ ಇದು ಬೇಕಾಗಿಲ್ಲ," ಅಂದ. ಅದು ಇವತ್ತಿಗೂ ನನ್ನ ಬಲಗೈಯಲ್ಲಿದೆ. ಮದುವೆ, ಮುಂಜಿವೆ, ಬ್ಯಾಂಕು, ಆಸ್ಪತ್ರೆ, ಎಲ್ಲಿಗೆ ಹೋದರೂ ಜನ ಕೇಳುತ್ತಾರೆ, ಅಜ್ಜಾ, ನಿಮ್ಮ ಗಡಿಯಾರ ಅರ್ಧ ತಾಸು ಮುಂದೈತಲ್ರಿ. ನಾನು ಈ ಕತೆ ಶುರು ಮಾಡುತ್ತೇನೆ. ಅವರು ಮತ್ತೊಮ್ಮೆ ಕೇಳುವುದಿಲ್ಲ.

ಮೊಮ್ಮಗಳು ಮೊನ್ನೆ ಮೊಬೈಲಿನಲ್ಲಿ ಏನೋ ಒತ್ತಿ ಹೇಳಿದಳು, "ಅಜ್ಜಾ, ಆ ಊರಾಗ ಬ್ಯಾಸಗಿ ಬಂದ್ರ ಎಲ್ಲಾರೂ ಗಡಿಯಾರ ಒಂದು ತಾಸು ಮುಂದ ಮಾಡ್ತಾರಂತ. ವರ್ಷದಾಗ ಅರ್ಧಕ್ಕಿಂತ ಹೆಚ್ಚು ದಿನ ನಿನ್ನ ಗಡಿಯಾರ ತಪ್ಪು." ನಾನು ಬಲಗೈ ತಿರುಗಿಸಿ ಗಡಿಯಾರ ನೋಡಿಕೊಂಡೆ. ಇಷ್ಟು ವರ್ಷ ಬೇಸಿಗೆಯುದ್ದಕ್ಕೂ ರಾಯಪ್ಪನ ಅವ್ವನನ್ನು ಒಂದು ತಾಸು ತಡವಾಗಿ ಎಬ್ಬಿಸುತ್ತಿದ್ದೆ. ಇರಲಿ ಬಿಡಿ, ಹಾಲು ಕರೆಯುವ ಕೈ, ಒಂದು ತಾಸು ಹೆಚ್ಚು ಮಲಗಿದರೆ ಏನಾಯಿತು.

ಈಗ ಯಾವ ಊರಿನ ಹೊತ್ತು ಬೇಕಾದರೂ ಅಂಗೈಯಲ್ಲೇ ಸಿಗುತ್ತದೆ. ತಂಬಿಗೆ ಬೇಡ, ಚಿಮಣಿ ಬೇಡ. ಸಿಗುವುದೇನೋ ಸಿಗುತ್ತದೆ, ಆದರೆ ಈ ಗಳಿಗೆಯಲ್ಲಿ ಅಲ್ಲಿ ಯಾರು ಎದ್ದಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಗಂಗಾವತಿಯ ಕಡೆಗೆ ಹೋದರೆ ರಸ್ತೆಯ ಪಕ್ಕ ಉದ್ದುದ್ದ ಕೋಳಿ ಶೆಡ್ಡುಗಳು. ಸಂಜೆಯಾದರೂ ಹಗಲಿನಂಥ ಟ್ಯೂಬ್‌ಲೈಟಿನ ಬೆಳಕು. ಸಾವಿರಾರು ಬಿಳಿ ಕೋಳಿ, ಒಂದಾದರೂ ಕೂಗುವುದಿಲ್ಲ. ಅವುಗಳಿಗೆ ಯಲಬುರ್ಗಾದ ಬೆಳಗೂ ಇಲ್ಲ, ಅಮೆರಿಕದ ಬೆಳಗೂ ಇಲ್ಲ. ನಮ್ಮ ಓಣಿಯಲ್ಲೂ ಈಗ ಹುಂಜವಿಲ್ಲ. ಅಪಶಕುನಕ್ಕೆ ಹೆದರುವ ಗೌಡಶಾನಿಯಿಲ್ಲ, ಹುಂಜಕ್ಕೂ ತವರುಮನೆ ಇದೆ ಅಂತ ಜಗಳ ಬಿಡಿಸುವ ಅಜ್ಜಿಯಿಲ್ಲ. ಆ ಕಡಲೆ ಗೋದಾಮಿನ ಜಾಗದಲ್ಲಿ ಮೊಬೈಲು ರಿಪೇರಿ ಅಂಗಡಿ.

ಸಂಜೆ ಸೊಸೆ ದೀಪ ಹಚ್ಚಿದಾಗ ನಾನು ಬಲಗೈ ತಿರುಗಿಸಿ ನೋಡಿ, "ರಾಯಪ್ಪನ ಅವ್ವ ಎದ್ದಿರ್ತಾಳ ಈಗ," ಅನ್ನುತ್ತೇನೆ. ಆಕೆ ಎಂದೋ ಹೋಗಿರಬೇಕು. ರಾಯಪ್ಪನೇ ಈಗ ನನಗಿಂತ ಹಣ್ಣು ಮುದುಕ ಆಗಿರಬೇಕು.

ಇಷ್ಟು ಓದಿ ನೀವು ತಲೆಯಾಡಿಸುತ್ತಿದ್ದೀರಿ, ಮುದುಕ ಎಲ್ಲಾ ಬುರುಡೆ ಬಿಟ್ಟಿದ್ದಾನೆ ಅಂತ. ಇಲ್ಲ. ಹುಂಜ ಖರೆ, ಕಟ್ಟೆ ಖರೆ, ತಂಬಿಗೆ ಖರೆ. ತಂಬಿಗೆ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ, ಬಂದು ನೋಡಿ. ಸುಳ್ಳು ಒಂದೇ ಒಂದು. ಬಸ್‌ಸ್ಟ್ಯಾಂಡಿನಲ್ಲಿ ಸಾಹೇಬ ಗಡಿಯಾರ ಬಿಚ್ಚಲಿಲ್ಲ. ಎರಡನ್ನೂ ಕಟ್ಟಿಕೊಂಡೇ ಬಸ್ಸು ಹತ್ತಿದ. ಕಿಟಕಿಯಿಂದ ಎಡಗೈ ತೋರಿಸಿ, "ಇನ್ನು ಮುಂದೆ ಇದು ನಿಮ್ಮ ಅಜ್ಜಿಯ ಊರಿನ ಸಮಯ," ಅಂದ. ನನ್ನ ಕೈಯಲ್ಲಿರುವುದು ದುಡಿಯಲು ಶುರು ಮಾಡಿದ ಮೇಲೆ ನಾನೇ ಗಂಗಾವತಿಯಲ್ಲಿ ಕೊಂಡದ್ದು. ಅಂಗಡಿಯವನು ಹೊತ್ತು ಸರಿ ಮಾಡಿ ಕೊಟ್ಟ. ಹೊರಗೆ ಬಂದು ನಾನೇ ಅರ್ಧ ತಾಸು ಮುಂದೆ ತಿರುಗಿಸಿಕೊಂಡೆ.